ವಯಸ್ಸಾದ ನಾಯಿ ರಾತ್ರಿಯೆಲ್ಲ ಸುತ್ತುತ್ತದೆ, ಗೋಡೆ ನೋಡುತ್ತ ನಿಲ್ಲುತ್ತದೆ: ಅದರ ಮನಸ್ಸಿಗೆ ನೆಮ್ಮದಿ ಕೊಡುವುದು ಹೇಗೆ?

ಕುವೆಂಪುನಗರ ಮೈಸೂರು:

ಎಲ್ಲರಿಗೂ ನಮಸ್ಕಾರ. ನಮ್ಮ ಬ್ರೂನೋ ಲ್ಯಾಬ್ರಡಾರ್, ಹದಿಮೂರು ವರ್ಷ ತುಂಬಿದೆ. ಊಟ ಚೆನ್ನಾಗಿ ಮಾಡುತ್ತಾನೆ. ಹಗಲೆಲ್ಲ ನಿದ್ದೆ. ತೊಂದರೆ ಶುರುವಾಗುವುದು ರಾತ್ರಿ. ನಾವೆಲ್ಲ ಮಲಗಿದ ಮೇಲೆ ಎದ್ದು ಹಾಲ್‌ನಲ್ಲಿ ಸುತ್ತುತ್ತಾನೆ. ಟೈಲ್ಸ್ ಮೇಲೆ ಉಗುರಿನ ಟಕಟಕ ಸದ್ದು ಒಂದೇ ಸಮನೆ ಕೇಳುತ್ತಿರುತ್ತದೆ. ಆಮೇಲೆ ಬಾಗಿಲ ಹಿಂದಿನ ಮೂಲೆಗೆ ಹೋಗಿ ಗೋಡೆಗೆ ಮುಖ ಮಾಡಿ ನಿಲ್ಲುತ್ತಾನೆ. ವಾಪಸ್ ಬರಲು ಗೊತ್ತಾಗುವುದಿಲ್ಲ. ತೇಕುತ್ತಾನೆ, ಆಮೇಲೆ ಬೊಗಳುತ್ತಾನೆ. ಹೊರಗೆ ಹೋಗಬೇಕೆಂದಾಗಲೂ ಬಾಗಿಲು ತೆರೆಯುವ ಕಡೆ ಬಿಟ್ಟು ಕೀಲಿನ ಕಡೆ ಹೋಗಿ ಕಾಯುತ್ತಾನೆ.

ಅಮ್ಮ, "ವಯಸ್ಸಾಯ್ತು ಬಿಡು, ಮನುಷ್ಯರಿಗೂ ಹೀಗೇ ಅಲ್ವಾ" ಅನ್ನುತ್ತಾರೆ. ಹತ್ತಿರದ ಕ್ಲಿನಿಕ್‌ನಲ್ಲೂ ಅದನ್ನೇ ಹೇಳಿ ನಿದ್ದೆ ಮಾತ್ರೆ ಬರೆದುಕೊಟ್ಟರು. ನನಗೆ ಅಷ್ಟಕ್ಕೇ ಬಿಡಲು ಮನಸ್ಸಿಲ್ಲ. ಅವನು ಹೆದರಿರುವುದು ಮುಖದಲ್ಲೇ ಕಾಣುತ್ತದೆ. ಮುದಿ ನಾಯಿಯ ಮನಸ್ಸನ್ನು ನೋಡಿಕೊಳ್ಳುವುದು ಹೇಗೆ? ಅನುಭವ ಇದ್ದವರು ದಯವಿಟ್ಟು ಹೇಳಿ.

ತೀರ್ಥಹಳ್ಳಿ ತೋಟ:

ಕುವೆಂಪುನಗರದವರೇ, ಅಷ್ಟಕ್ಕೇ ಬಿಡದಿದ್ದದ್ದು ಒಳ್ಳೆಯದಾಯಿತು.

ನಮ್ಮ ಕರಿಯನ ವಯಸ್ಸು ಸರಿಯಾಗಿ ಗೊತ್ತಿಲ್ಲ. ಮಗಳು ಪ್ರೈಮರಿ ಶಾಲೆಯಲ್ಲಿದ್ದಾಗ ಬಂದವನು, ಈಗ ಅವಳು ಕೆಲಸಕ್ಕೆ ಸೇರಿದ್ದಾಳೆ. ಅವನ ಕಣ್ಣು ಮಂಜಾಗಿದೆ, ಕಿವಿ ಅರ್ಧ ಕೇಳುತ್ತದೆ. ಆದರೂ ಬೆಳಿಗ್ಗೆ ನಾನು ಬೂಟು ಹಾಕಿದರೆ ಸಾಕು, ಜಗಲಿಯಿಂದ ಎದ್ದು ಬರುತ್ತಾನೆ. ಮೊದಲೆಲ್ಲ ತೋಟದ ಕೆಳಗಿನ ಬೇಲಿಯವರೆಗೂ ಬರುತ್ತಿದ್ದ. ಈಗ ಕೊಟ್ಟಿಗೆ ದಾಟಿ ಮೊದಲ ಕಾಲುವೆಯ ಹತ್ತಿರ ಕೂರುತ್ತಾನೆ. ನಾನು ವಾಪಸ್ ಬರುವ ತನಕ ಅಲ್ಲೇ ಅವನ ಕಾವಲು. ಬಂದ ಮೇಲೆ ನನ್ನ ಕಾಲು, ಕತ್ತಿ, ಅಡಿಕೆ ಹಾಳೆ ಎಲ್ಲ ಮೂಸಿ ನೋಡಿ, ಎಲ್ಲ ಸರಿಯಾಗಿದೆ ಅನ್ನುವ ಹಾಗೆ ಮುಂದೆ ಮುಂದೆ ನಡೆಯುತ್ತಾನೆ.

ಮಳೆಗಾಲದಲ್ಲಿ ಒಮ್ಮೆ ಮನೆಯವರೆಲ್ಲ ಸೇರಿ ಅವನನ್ನು ಒಳಗೇ ಕಟ್ಟಿಹಾಕೋಣ ಅಂದರು. ಜಾರಿ ಬಿದ್ದಾನೆಂಬ ಭಯ. ನಾನು ಒಪ್ಪಲಿಲ್ಲ. ನಾಯಿಗೆ ವಯಸ್ಸಾದಾಗ ನಾವು ಮೊದಲು ಮಾಡುವುದೇ ಅದರ ಕೆಲಸ ಕಸಿದುಕೊಳ್ಳುವುದು. ಗೇಟಿಗೆ ಹೋಗಬೇಡ, ಮೆಟ್ಟಿಲು ಇಳಿಯಬೇಡ, ಸುಮ್ನೆ ಮಲಗು. ಕೆಲಸವನ್ನು ಚಿಕ್ಕದು ಮಾಡಿ, ಪೂರ್ತಿ ತೆಗೆಯಬೇಡಿ. ಬ್ರೂನೋಗೆ ಮೊದಲು ಮನೆಯಲ್ಲಿ ಏನು ಕೆಲಸ ಇತ್ತು? ಪೇಪರ್ ತರುತ್ತಿದ್ದನಾ? ಯಾರನ್ನಾದರೂ ಗೇಟ್‌ವರೆಗೆ ಕಳಿಸಿ ಬರುತ್ತಿದ್ದನಾ?

ಪಶುವೈದ್ಯೆ ಶಿವಮೊಗ್ಗ:

ನಾನು ಪಶುವೈದ್ಯೆ. ನಾಯಿಯನ್ನು ನೋಡದೆ ಇಂಥದ್ದೇ ರೋಗ ಎಂದು ಹೇಳಲಾರೆ, ಹೇಳಬಾರದು ಕೂಡ. ಆದರೆ ನೀವು ಬರೆದ ಲಕ್ಷಣಗಳು ನಮಗೆ ಚೆನ್ನಾಗಿ ಪರಿಚಯ ಇರುವಂಥವು. ಮೂಲೆಯಲ್ಲಿ ಸಿಕ್ಕಿಕೊಳ್ಳುವುದು, ಬಾಗಿಲಿನ ಕೀಲಿನ ಕಡೆ ಕಾಯುವುದು, ಹಗಲು ರಾತ್ರಿ ಅದಲುಬದಲಾಗುವುದು, ಮನೆಯವರ ಜೊತೆಗಿನ ನಡವಳಿಕೆ ಬದಲಾಗುವುದು, ಕಲಿತದ್ದು ಮರೆತು ಮನೆಯೊಳಗೆ ಗಲೀಜು ಮಾಡುವುದು, ಕಾರಣವಿಲ್ಲದ ಗಾಬರಿ. ಇವೆಲ್ಲ ಸೇರಿದರೆ ಕೆನೈನ್ ಕಾಗ್ನಿಟಿವ್ ಡಿಸ್‌ಫಂಕ್ಷನ್ ಎಂಬ ಮುದಿ ನಾಯಿಗಳ ಮರೆವಿನ ಕಾಯಿಲೆ ಇರಬಹುದೆಂದು ಅನುಮಾನಿಸುತ್ತೇವೆ. ಆಲ್ಝೈಮರ್ಸ್ ಇರುವ ಮನುಷ್ಯರ ಮೆದುಳಿನಲ್ಲಿ ಸೇರಿಕೊಳ್ಳುವ ಬೀಟಾ ಅಮೈಲಾಯ್ಡ್ ಎಂಬ ಪ್ರೋಟೀನ್ ಮುದಿ ನಾಯಿಗಳ ಮೆದುಳಿನಲ್ಲೂ ಸೇರಿಕೊಳ್ಳುತ್ತದೆ.

ಇದು ಅಪರೂಪವೂ ಅಲ್ಲ. ಕ್ಯಾಲಿಫೋರ್ನಿಯಾದಲ್ಲಿ ನಡೆದು 2001ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ, 11ರಿಂದ 12 ವರ್ಷದ ನಾಯಿಗಳಲ್ಲಿ ಶೇ 28ರಷ್ಟಕ್ಕೆ ಇಂಥ ಒಂದಾದರೂ ಲಕ್ಷಣ ಇತ್ತು. 15ರಿಂದ 16 ವರ್ಷದವುಗಳಲ್ಲಿ ಅದು ಶೇ 68. ಆದರೂ ಎಷ್ಟೋ ಮನೆಯವರು ಡಾಕ್ಟರ್ ಹತ್ತಿರ ಹೇಳುವುದೇ ಇಲ್ಲ. ವಯಸ್ಸಿನ ಸಹಜ ಗುಣ ಅಂದುಕೊಂಡುಬಿಡುತ್ತಾರೆ.

ಈಗ ಮುಖ್ಯ ಮಾತು. ಮನಸ್ಸಿನ ಕಾಯಿಲೆ ಅಂತ ತೀರ್ಮಾನಿಸುವ ಮೊದಲು ಮೈಯನ್ನು ಪೂರ್ತಿ ಪರೀಕ್ಷೆ ಮಾಡಿಸಿ. ಲ್ಯಾಬ್ರಡಾರ್‌ಗೆ ಈ ವಯಸ್ಸಿನಲ್ಲಿ ಸೊಂಟ, ಮೊಣಕೈ ಕೀಲುಗಳ ನೋವು ತುಂಬ ಸಾಮಾನ್ಯ. ನೋವಿರುವ ನಾಯಿ ಒಂದೇ ಮಗ್ಗುಲಲ್ಲಿ ಜಾಸ್ತಿ ಹೊತ್ತು ಮಲಗಲಾರದು, ಏಳುತ್ತದೆ, ಸುತ್ತುತ್ತದೆ, ತೇಕುತ್ತದೆ. ನೋಡುವವರಿಗೆ ಅದು ಮರೆವಿನ ಹಾಗೆಯೇ ಕಾಣುತ್ತದೆ. ಹಲ್ಲು ನೋವು, ಮೂತ್ರದ ಸೋಂಕು, ಕಿಡ್ನಿ ತೊಂದರೆ, ಸಕ್ಕರೆ ಕಾಯಿಲೆ, ಥೈರಾಯ್ಡ್, ಬಿ.ಪಿ. ಎಲ್ಲವೂ ಪಟ್ಟಿಯಲ್ಲಿವೆ. ನಮ್ಮ ಕಡೆ ರಕ್ತ ಹೀರುವ ಉಣ್ಣೆ ಹುಳದಿಂದ ಬರುವ ಟಿಕ್ ಫೀವರ್ ಕೂಡ. ಮಂಕಾಗಿ ಮಲಗಿದ ಮುದಿ ನಾಯಿಗೆ ರಕ್ತ ಪರೀಕ್ಷೆ ಮಾಡಿಸಿದಾಗ ಟಿಕ್ ಫೀವರ್ ಸಿಕ್ಕಿದ್ದು, ಔಷಧಿ ಕೊಟ್ಟ ಮೇಲೆ ಅದು ಮೊದಲಿನಂತಾದದ್ದು ನಮ್ಮಲ್ಲಿ ಹೊಸದೇನಲ್ಲ.

ದಯವಿಟ್ಟು ಮನೆಯಲ್ಲಿರುವ ನೋವಿನ ಮಾತ್ರೆ ಕೊಡಬೇಡಿ. ಐಬುಪ್ರೊಫೇನ್, ಡೈಕ್ಲೋಫೆನಾಕ್ ನಾಯಿಯ ಹೊಟ್ಟೆಯಲ್ಲಿ ಹುಣ್ಣು ಮಾಡಿ ಕಿಡ್ನಿಗೂ ಏಟು ಕೊಡುತ್ತವೆ. ಪ್ಯಾರಾಸಿಟಮಾಲ್ ಕೂಡ ನೀವಾಗಿಯೇ ಕೊಡುವಂಥದ್ದಲ್ಲ. ನಾಯಿಗೆ ಹೊಂದುವ ನೋವಿನ ಔಷಧಿಗಳು ಬೇರೆ ಇವೆ.

ಜಯನಗರ ಎರಡನೇ ಮಹಡಿ:

ಡಾಕ್ಟರ್ ಮೇಡಂ ಹೇಳಿದ್ದಕ್ಕೆ ನನ್ನದೊಂದು ಸೇರಿಸುತ್ತೇನೆ. ನೆಲ ನೋಡಿ!

ನಮ್ಮ ಜೂಲಿ ಪೊಮೆರೇನಿಯನ್. ಅವಳು ಅಡುಗೆಮನೆಗೆ ಬರುವುದನ್ನೇ ಬಿಟ್ಟಿದ್ದಳು. ತಟ್ಟೆ ಸದ್ದಾದರೂ ಹಾಲ್‌ನ ಕಾರ್ಪೆಟ್ ಅಂಚಿಗೆ ಬಂದು ನಿಲ್ಲುತ್ತಿದ್ದಳು. ಮನೆಯವರೆಲ್ಲ "ಅವಳಿಗೆ ನಾವು ಬೇಡವಾಗಿದ್ದೇವೆ" ಅಂತ ಬೇಜಾರು ಮಾಡಿಕೊಂಡರು. ನಾನು ನೆಲದ ಮೇಲೆ ಕೂತು ಅವಳ ಕಾಲನ್ನೇ ನೋಡಿದೆ. ಕಾರ್ಪೆಟ್ ಬಿಟ್ಟು ಟೈಲ್ಸ್ ಮೇಲೆ ಮುಂಗಾಲು ಇಟ್ಟ ತಕ್ಷಣ ಬೆರಳುಗಳು ಅಗಲವಾಗಿ ಹರಡುತ್ತಿದ್ದವು, ಹಿಂಗಾಲು ನಡುಗುತ್ತಿತ್ತು. ಪಾದದ ಕೆಳಗೆ ಬೆರಳ ಸಂದಿನ ಕೂದಲು ಮೆತ್ತೆಗಿಂತ ಉದ್ದ ಬೆಳೆದು ಜಾರುತ್ತಿತ್ತು.

ಕೂದಲು, ಉಗುರು ಕತ್ತರಿಸಿದೆವು. ಮಲಗುವ ಜಾಗದಿಂದ ನೀರಿನ ಬಟ್ಟಲಿಗೆ, ಅಲ್ಲಿಂದ ಅಡುಗೆಮನೆಗೆ, ಬಾಲ್ಕನಿಗೆ ಹಳೆ ಯೋಗ ಮ್ಯಾಟ್‌ಗಳನ್ನು ಕತ್ತರಿಸಿ ದಾರಿ ಮಾಡಿದೆವು. ಅವಳು ಮತ್ತೆ ಅಡುಗೆಮನೆಗೆ ಬರಲು ಶುರು ಮಾಡಿದಳು. ನಾನು ತರಕಾರಿ ಹೆಚ್ಚುವಾಗ ಕಾಲ ಬಳಿ ಕೂರುವುದು ಅವಳ ದಿನದ ದೊಡ್ಡ ಖುಷಿ. ಅದನ್ನು ಅವಳಿಂದ ದೂರ ಮಾಡಿದ್ದು ಬರೀ ನೆಲ.

ರಾತ್ರಿಗೆ ಹಾಲ್‌ನಲ್ಲಿ ಒಂದು ಸಣ್ಣ ಜೀರೋ ಬಲ್ಬ್ ಹಾಕಿಡಿ. ಬಾಗಿಲ ಹಿಂದಿನ ಮೂಲೆಗೆ ಒಂದು ಸ್ಟೂಲ್ ಅಥವಾ ದಪ್ಪ ದಿಂಬು ಇಟ್ಟು ಮುಚ್ಚಿಬಿಡಿ. ಸಿಕ್ಕಿಕೊಳ್ಳುವ ಜಾಗವೇ ಇಲ್ಲದಿದ್ದರೆ ಅರ್ಧ ಗಾಬರಿ ಕಡಿಮೆ. ಪೀಠೋಪಕರಣ ಮಾತ್ರ ಅದಲುಬದಲು ಮಾಡಬೇಡಿ.

ಬಾಗಲಕೋಟೆ ಹೊಲ:

ನನಗೊಂದು ಮಾತು ಹೇಳಬೇಕು ಅನ್ನಿಸಿತು, ಯಾರೂ ತಪ್ಪು ತಿಳಿಯಬೇಡ್ರಿ. ನಮ್ಮ ಕಡೆ ನಾಯಿಗೆ ಇಷ್ಟೆಲ್ಲ ಪರೀಕ್ಷೆ, ಮ್ಯಾಟು ಯಾರೂ ಮಾಡುವುದಿಲ್ಲ. ಆದರೂ ಹಳ್ಳಿಯ ಮುದಿ ನಾಯಿಗಳು ಎಷ್ಟೋ ನೆಮ್ಮದಿಯಿಂದ ಇರುವುದನ್ನು ನೋಡಿದ್ದೇನೆ. ಕಟ್ಟೆ ಮೇಲೆ ಬಿಸಿಲು ಕಾಯಿಸುತ್ತ ಮಲಗಿರುತ್ತವೆ. ಹೋಗುವವರು ಬರುವವರು ಎಲ್ಲ ಗುರುತಿನವರೇ. ಎಮ್ಮೆ ಹಾಯುತ್ತದೆ, ಟ್ರ್ಯಾಕ್ಟರ್ ಹಾಯುತ್ತದೆ, ಮಕ್ಕಳು ಸಾಲಿಗೆ ಹೋಗುತ್ತವೆ. ನೋಡಲು, ಕೇಳಲು, ಮೂಸಲು ದಿನಪೂರ್ತಿ ಏನಾದರೊಂದು ಇರುತ್ತದೆ. ಪಟ್ಟಣದ ಮನೆಯಲ್ಲಿ ಬಾಗಿಲು ಹಾಕಿಕೊಂಡು ಎಲ್ಲರೂ ಕೆಲಸಕ್ಕೆ ಹೋದರೆ ಆ ಮುದಿ ಜೀವ ಏನು ಮಾಡಬೇಕು? ಹಗಲು ಮಲಗುತ್ತದೆ, ರಾತ್ರಿ ಏಳುತ್ತದೆ.

ನಮ್ಮ ಮನೆಯಲ್ಲಿರುವುದು ಮುಧೋಳ ನಾಯಿ. ಮುಧೋಳದ ಹತ್ತಿರ ತಿಮ್ಮಾಪುರದಲ್ಲಿ ವಿಶ್ವವಿದ್ಯಾಲಯದ ಶ್ವಾನ ಸಂಶೋಧನಾ ಕೇಂದ್ರ ಇದೆ, ಈ ತಳಿಯ ಬಗ್ಗೆ ತಿಳಿಯಬೇಕೆಂದರೆ ಅಲ್ಲಿಗೆ ಹೋಗಬಹುದು. ಇದು ಕಣ್ಣಿನಿಂದ ಬೇಟೆಯಾಡುವ ತಳಿ. ನಮ್ಮವನು ಓಡುವುದು ನಿಂತು ಎಷ್ಟೋ ದಿನವಾಯಿತು. ಆದರೆ ಸಂಜೆ ಅವನನ್ನು ಹೊಲದ ಬದುವಿಗೆ ಕರೆದುಕೊಂಡು ಹೋಗಿ ನಿಲ್ಲಿಸುತ್ತೇನೆ. ದೂರದವರೆಗೂ ಬಯಲು. ಕಿವಿ ನಿಮಿರಿಸಿ ನೋಡುತ್ತ ನಿಲ್ಲುತ್ತಾನೆ. ಮೊಲ ಹಾಯ್ದರೆ ಮೈಯೆಲ್ಲ ಬಿಗಿಯಾಗುತ್ತದೆ. ಓಡದಿದ್ದರೂ ಅವನೊಳಗೆ ಏನೋ ಓಡುತ್ತದೆ ಅನ್ನಿಸುತ್ತದೆ ನನಗೆ. ಈ ತಳಿಗೆ ಮೈಮೇಲೆ ಕೊಬ್ಬು ಕಡಿಮೆ, ಎಲುಬು ನೆಲಕ್ಕೆ ಒತ್ತುತ್ತದೆ. ಅದಕ್ಕೆ ಕೌದಿ ಎರಡು ಮಡಿಕೆ ಹಾಸುತ್ತೇವೆ. ಚಳಿಗಾಲದಲ್ಲಿ ಮೇಲೊಂದು ಹೊದಿಸುತ್ತೇವೆ.

ಪಶುವೈದ್ಯೆ ಶಿವಮೊಗ್ಗ:

ಬಾಗಲಕೋಟೆಯವರೇ, ನಿಮ್ಮ ಮಾತನ್ನು ಒಪ್ಪುತ್ತೇನೆ, ಅದಕ್ಕೆ ಆಧಾರವೂ ಇದೆ. ಕೆನಡಾ ಮತ್ತು ಅಮೆರಿಕದ ವಿಜ್ಞಾನಿಗಳು ವಯಸ್ಸಾದ ಬೀಗಲ್ ನಾಯಿಗಳ ಮೇಲೆ ಎರಡು ವರ್ಷಕ್ಕೂ ಹೆಚ್ಚು ಕಾಲ ಅಧ್ಯಯನ ಮಾಡಿದ್ದರು. ಕೆಲವಕ್ಕೆ ಆಂಟಿಆಕ್ಸಿಡೆಂಟ್ ತುಂಬಿದ ವಿಶೇಷ ಆಹಾರ. ಕೆಲವಕ್ಕೆ ಜೊತೆಗೊಂದು ನಾಯಿ, ಆಟದ ಸಾಮಾನು, ಹೆಚ್ಚು ವಾಕಿಂಗ್, ಬುದ್ಧಿಗೆ ಕೆಲಸ. ಕೆಲವಕ್ಕೆ ಎರಡೂ. ಎರಡೂ ಸಿಕ್ಕ ನಾಯಿಗಳು ಕಲಿಕೆಯ ಪರೀಕ್ಷೆಗಳಲ್ಲಿ ಎಲ್ಲಕ್ಕಿಂತ ಚೆನ್ನಾಗಿ ಮಾಡಿದವು. ಇದು 2005ರಲ್ಲಿ ಪ್ರಕಟವಾಯಿತು.

ಅಮೆರಿಕದ ಡಾಗ್ ಏಜಿಂಗ್ ಪ್ರಾಜೆಕ್ಟ್‌ನವರು 15,019 ನಾಯಿಗಳ ಮಾಹಿತಿ ಸೇರಿಸಿ 2022ರಲ್ಲಿ ಬರೆದದ್ದೂ ಗಮನಿಸಬೇಕು. ಅದೇ ವಯಸ್ಸು, ತಳಿ, ಆರೋಗ್ಯದ ನಾಯಿಗಳನ್ನು ಹೋಲಿಸಿದಾಗ, ಚಟುವಟಿಕೆ ಇಲ್ಲದ ನಾಯಿಗಳಲ್ಲಿ ಈ ಮರೆವಿನ ಕಾಯಿಲೆಯ ಸಂಭವ ತುಂಬ ಚುರುಕಾಗಿರುವವುಗಳಿಗಿಂತ ಸುಮಾರು ಆರೂವರೆ ಪಟ್ಟು ಇತ್ತು. ಆದರೆ ಓಡಾಡದಿದ್ದರಿಂದ ಮರೆವು ಬಂತಾ, ಮರೆವು ಬಂದದ್ದರಿಂದ ಓಡಾಟ ನಿಂತಿತಾ ಎಂಬುದನ್ನು ಈ ಅಧ್ಯಯನ ಬೇರ್ಪಡಿಸಿ ಹೇಳುವುದಿಲ್ಲ. ಆದ್ದರಿಂದ ಮುದಿ ನಾಯಿಯನ್ನು ಎಳೆದುಕೊಂಡು ಓಡಿಸಲು ಹೋಗಬೇಡಿ.

ಆದರೆ ಹಳ್ಳಿಯ ನಾಯಿಗೆ ನೋವಿಲ್ಲ ಅಂತ ತಿಳಿಯಬೇಡಿ. ನಾಯಿಗಳು ನೋವನ್ನು ಅತ್ತು ಹೇಳುವುದು ಕಡಿಮೆ. ಕಟ್ಟೆಯ ಮೇಲೆ ದಿನವಿಡೀ ಮಲಗಿರುವ ನಾಯಿ ನೆಮ್ಮದಿಯಿಂದ ಮಲಗಿರಬಹುದು, ಏಳಲಾಗದೆಯೂ ಮಲಗಿರಬಹುದು.

ಮಲ್ಲೇಶ್ವರ ಅಜ್ಜಿಮನೆ:

ಮೂಗಿನ ಆಟದ ಬಗ್ಗೆ ನಾನು ಬರೆಯುತ್ತೇನೆ. ಕಣ್ಣು ಹೋದರೂ ಕಿವಿ ಹೋದರೂ ನಾಯಿಗೆ ಮೂಗು ಬಹಳ ಕಾಲ ಉಳಿಯುತ್ತದೆ. ನಮ್ಮ ಸೀತೆ ಬೀದಿಯಿಂದ ಬಂದವಳು. ಈಗ ಸೊಂಟ ಹಿಡಿದಿದೆ, ದೂರ ನಡೆಯಲಾರಳು.

ಹಳೆ ಟವೆಲ್ ತೆಗೆದುಕೊಳ್ಳಿ. ನೆಲದ ಮೇಲೆ ಹರಡಿ ಅಲ್ಲಲ್ಲಿ ಊಟದ ಸಣ್ಣ ತುಣುಕು ಇಡಿ. ಬೇಯಿಸಿದ ಕೋಳಿ ಚೂರು, ಮೊಟ್ಟೆ, ಕ್ಯಾರೆಟ್, ರಾಗಿ ರೊಟ್ಟಿ ಚೂರು ಯಾವುದಾದರೂ ಆಯಿತು. ಈರುಳ್ಳಿ ಬೆಳ್ಳುಳ್ಳಿ ಹಾಕಿದ್ದು ಬೇಡ, ದ್ರಾಕ್ಷಿ ಒಣದ್ರಾಕ್ಷಿ ಬೇಡವೇ ಬೇಡ. ಟವೆಲನ್ನು ಸಡಿಲವಾಗಿ ಸುತ್ತಿ ಅವಳ ಮುಂದೆ ಇಡುತ್ತೇನೆ. ಅವಳು ಮೂಗಿನಿಂದ ತಳ್ಳಿ ತಳ್ಳಿ ಬಿಚ್ಚುತ್ತಾಳೆ. ಮೊದಲ ಸಲ ಟವೆಲ್ ಸುತ್ತಬೇಡಿ, ಬರೀ ಹರಡಿಡಿ. ಸಿಗದಿದ್ದರೆ ಬೇಜಾರಾಗಿ ಬಿಟ್ಟುಬಿಡುತ್ತವೆ. ಸುಲಭವಾಗಿ ಗೆಲ್ಲಬೇಕು ಅವಳು, ಅದು ಮುಖ್ಯ. ಮೊಟ್ಟೆ ಟ್ರೇ ಗುಂಡಿಗಳಲ್ಲಿ ತುಣುಕು ಇಟ್ಟು ಮೇಲೆ ಪೇಪರ್ ಉಂಡೆ ಮುಚ್ಚಿದರೂ ಆಗುತ್ತದೆ, ಪೇಪರ್ ತಿನ್ನದಂತೆ ಪಕ್ಕದಲ್ಲೇ ಕೂರಿ.

ಇದು ಸುಮ್ನೆ ಟೈಂಪಾಸ್ ಅಲ್ಲ. 2019ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ ಎರಡು ವಾರ ಮೂಸಿ ಹುಡುಕುವ ಆಟ ಆಡಿದ ನಾಯಿಗಳು, ಏನಿದೆಯೋ ಗೊತ್ತಿಲ್ಲದ ಬಟ್ಟಲಿನ ಕಡೆ ಮೊದಲಿಗಿಂತ ಬೇಗ ಹೋದವು. ಅಂದರೆ ಒಳ್ಳೆಯದೇ ಸಿಗುತ್ತದೆ ಎಂಬ ನಿರೀಕ್ಷೆ ಹೆಚ್ಚಿತ್ತು. ಅಷ್ಟೇ ದಿನ ಯಜಮಾನರ ಪಕ್ಕದಲ್ಲೇ ನಡೆಯುವ ಅಭ್ಯಾಸ ಮಾಡಿದ ನಾಯಿಗಳಲ್ಲಿ ಆ ಬದಲಾವಣೆ ಕಾಣಲಿಲ್ಲ. ನನಗೆ ಇದು ಆಶ್ಚರ್ಯ ಅನ್ನಿಸಲಿಲ್ಲ. ಟವೆಲ್ ಬಿಚ್ಚಿ ಮುಗಿಸಿದ ಮೇಲೆ ಸೀತೆಯ ಮುಖ ನೋಡಬೇಕು ನೀವು.

ವಾಕಿಂಗ್‌ನಲ್ಲೂ ಅಷ್ಟೇ. ಬೆಲ್ಟು ಎಳೆಯಬೇಡಿ. ಒಂದು ಲೈಟ್ ಕಂಬದ ಬುಡವನ್ನು ಐದು ನಿಮಿಷ ಮೂಸಲಿ. ಬೀದಿಯ ತುದಿ ಮುಟ್ಟದಿದ್ದರೂ ಪರವಾಗಿಲ್ಲ.

ಪುತ್ತೂರು ಹಿತ್ತಲು:

ಇಲ್ಲಿ ಒಂದು ಪ್ರಶ್ನೆ. ಮುದಿ ನಾಯಿಯ ಮೆದುಳಿಗೆ ತೆಂಗಿನೆಣ್ಣೆ ಒಳ್ಳೆಯದು, ದಿನಾ ಎರಡು ಚಮಚ ಹಾಕಿ ಅಂತ ನಮ್ಮ ಪಕ್ಕದ ಮನೆಯ ಅಣ್ಣ ಹೇಳಿದರು. ನಮ್ಮಲ್ಲಿ ಎಣ್ಣೆಗೆ ಬರ ಇಲ್ಲ. ಕೊಡಬಹುದಾ?

ಪಶುವೈದ್ಯೆ ಶಿವಮೊಗ್ಗ:

ಈ ಮಾತು ಎಲ್ಲಿಂದ ಬಂತು ಎಂದರೆ, ಎಂ.ಸಿ.ಟಿ. ಎಂಬ ಒಂದು ಬಗೆಯ ಕೊಬ್ಬಿನಿಂದ. ಮುದಿ ಮೆದುಳು ಸಕ್ಕರೆಯನ್ನು ಸರಿಯಾಗಿ ಬಳಸಲಾರದು. ಆಗ ಎಂ.ಸಿ.ಟಿ.ಯಿಂದ ತಯಾರಾಗುವ ಕೀಟೋನ್‌ಗಳು ಅದಕ್ಕೆ ಇನ್ನೊಂದು ಬಗೆಯ ಇಂಧನ ಆಗುತ್ತವೆ. ಎಂ.ಸಿ.ಟಿ. ಸೇರಿಸಿದ ಆಹಾರದಿಂದ ಕೆಲವು ನಾಯಿಗಳಲ್ಲಿ ಸುಧಾರಣೆ ಕಂಡ ಅಧ್ಯಯನಗಳಿವೆ. ಅಂಥ ಸಿದ್ಧ ಆಹಾರವೂ ಮಾರುಕಟ್ಟೆಯಲ್ಲಿದೆ. ಆದರೆ ನಮ್ಮ ಗಾಣದ ತೆಂಗಿನೆಣ್ಣೆಯಲ್ಲಿ ಅರ್ಧದಷ್ಟು ಇರುವುದು ಲಾರಿಕ್ ಆಮ್ಲ. ಕೀಟೋನ್ ಚೆನ್ನಾಗಿ ಕೊಡುವ ಎರಡು ಆಮ್ಲಗಳು ಅದರಲ್ಲಿ ಕಡಿಮೆ. ಎಂ.ಸಿ.ಟಿ.ಯೂ ತೆಂಗಿನೆಣ್ಣೆಯೂ ಒಂದೇ ಅಲ್ಲ. ಇದ್ದಕ್ಕಿದ್ದಂತೆ ದಿನಕ್ಕೆರಡು ಚಮಚ ಎಣ್ಣೆ ಹಾಕಿದರೆ ಭೇದಿ ಆಗಬಹುದು, ಕೆಲವಕ್ಕೆ ಮೇದೋಜೀರಕ ಗ್ರಂಥಿ ಊದಿಕೊಂಡು ಪ್ರಾಣಕ್ಕೇ ಬರಬಹುದು. ತೂಕ ಹೆಚ್ಚಿದರೆ ಕೀಲು ನೋವೂ ಜಾಸ್ತಿ. ಹಾಗಾಗಿ ಬೇಡ ಅನ್ನುತ್ತೇನೆ.

ಔಷಧಿ ಬಗ್ಗೆಯೂ ಇಲ್ಲೇ ಹೇಳಿಬಿಡುತ್ತೇನೆ. ಸೆಲೆಜಿಲಿನ್ ಎಂಬ ಔಷಧಿಗೆ ಅಮೆರಿಕದಲ್ಲಿ ನಾಯಿಗಳ ಈ ಕಾಯಿಲೆಗೆಂದೇ 1998ರಲ್ಲಿ ಅನುಮತಿ ಸಿಕ್ಕಿತು. ಮನುಷ್ಯರಿಗೆ ಅದನ್ನು ಪಾರ್ಕಿನ್‌ಸನ್ಸ್ ಕಾಯಿಲೆಗೆ ಕೊಡುತ್ತಾರೆ. ಎಲ್ಲ ನಾಯಿಗೂ ಗುಣ ಕಾಣುವುದಿಲ್ಲ, ಕಂಡರೂ ವಾರಗಳು ಹಿಡಿಯುತ್ತವೆ. ಇನ್ನೊಂದು ಎಚ್ಚರ: ಉಣ್ಣೆಗೆಂದು ನಾವು ನೀರಿನಲ್ಲಿ ಬೆರೆಸಿ ಮೈಗೆ ಹಚ್ಚುವ ಅಮಿಟ್ರಾಜ್ ಜೊತೆಗೆ ಇದು ಕೂಡದು. ಟ್ರಾಮಡಾಲ್ ನೋವಿನ ಔಷಧಿ, ಖಿನ್ನತೆಯ ಔಷಧಿಗಳ ಜೊತೆಗೂ ಕೂಡದು. ನಾಯಿಗೆ ಏನೇನು ಕೊಡುತ್ತಿದ್ದೀರೋ, ಏನು ಹಚ್ಚುತ್ತಿದ್ದೀರೋ ಎಲ್ಲವನ್ನೂ ಡಾಕ್ಟರ್‌ಗೆ ಹೇಳಿ.

ಕುವೆಂಪುನಗರ ಮೈಸೂರು:

ಎಲ್ಲರಿಗೂ ತುಂಬ ಥ್ಯಾಂಕ್ಸ್. ಬೇರೆ ಡಾಕ್ಟರ್ ಹತ್ತಿರ ಕರೆದುಕೊಂಡು ಹೋಗಿದ್ದೆ. ಎಕ್ಸ್‌ರೇಯಲ್ಲಿ ಎರಡೂ ಸೊಂಟದ ಕೀಲು ಸವೆದಿರುವುದು ಕಂಡಿತು. ರಕ್ತ ಪರೀಕ್ಷೆಯಲ್ಲಿ ಕಿಡ್ನಿ, ಸಕ್ಕರೆ ಸರಿ ಇದೆ. ನೋವಿಗೆ ಔಷಧಿ ಶುರುವಾಗಿದೆ. ರಾತ್ರಿ ಸುತ್ತುವುದು ಕಡಿಮೆಯಾಗಿದೆ, ಪೂರ್ತಿ ನಿಂತಿಲ್ಲ. ಮೂಲೆಯಲ್ಲಿ ನಿಲ್ಲುವುದು ಇನ್ನೂ ಇದೆ. ಹಾಗಾಗಿ ಮರೆವೂ ಇರಬಹುದು ಅಂದರು.

ತೀರ್ಥಹಳ್ಳಿಯವರು ಕೇಳಿದ್ದರಲ್ಲ, ಬ್ರೂನೋ ಕೆಲಸ ಏನು ಅಂತ. ಅಪ್ಪ ಸಂಜೆ ಹಾಲು ತರಲು ಹೋಗುವಾಗ ಬಟ್ಟೆ ಚೀಲವನ್ನು ಬಾಯಲ್ಲಿ ಹಿಡಿದು ಜೊತೆಗೆ ಹೋಗುತ್ತಿದ್ದ. ಕಾಲು ನೋವು ಬಂದ ಮೇಲೆ ಅದು ನಿಂತುಹೋಗಿತ್ತು. ಈಗ ಅಪ್ಪ ಹೊರಟಾಗ ಚೀಲ ಕೊಡುತ್ತೇವೆ. ಗೇಟ್‌ವರೆಗೆ ಹಿಡಿದುಕೊಂಡು ಹೋಗಿ ಅಪ್ಪನ ಕೈಗೆ ಕೊಡುತ್ತಾನೆ. ಬಾಲದ ಓಡಾಟ ನೋಡಿ ಅಮ್ಮನ ಕಣ್ಣಲ್ಲಿ ನೀರು.

ಇನ್ನೊಂದು ಅನುಮಾನ. ಹಗಲು ಮಲಗಲು ಬಿಡಬೇಕಾ, ಎಬ್ಬಿಸಬೇಕಾ?

ಜಯನಗರ ಎರಡನೇ ಮಹಡಿ:

ಗಾಢ ನಿದ್ದೆಯಲ್ಲಿದ್ದರೆ ಎಬ್ಬಿಸಬೇಡಿ. ಆದರೆ ಬೆಳಗಿನ ಬಿಸಿಲಿಗೆ ಖಂಡಿತ ಕರೆದುಕೊಂಡು ಹೋಗಿ. ಸಂಜೆ ಕತ್ತಲಾಗುವ ಮೊದಲು ಇನ್ನೊಂದು ಸಲ ಹೊರಗೆ, ಮೂಸುವ ಆಟ, ಆಮೇಲೆ ಊಟ. ಮಲಗುವ ಮೊದಲು ಉಚ್ಚೆಗೆ ಒಮ್ಮೆ. ಪ್ರತಿದಿನ ಇದೇ ಹೊತ್ತು, ಇದೇ ಕ್ರಮ. ಮುಂದೆ ಏನು ಅನ್ನುವುದು ಗೊತ್ತಿದ್ದರೆ ಅವಕ್ಕೆ ಧೈರ್ಯ. ಜೂಲಿಗೆ ರಾತ್ರಿ ಅವಳ ಹಾಸಿಗೆಯನ್ನು ನಮ್ಮ ಮಂಚದ ಪಕ್ಕಕ್ಕೇ ತಂದೆವು. ಎದ್ದರೆ ಕೈ ಚಾಚಿ ಮುಟ್ಟುತ್ತೇನೆ. ಬೈಯುವುದಂತೂ ಬೇಡ, ಯಾಕೆ ಬೈಸಿಕೊಂಡೆ ಅಂತಲೇ ಅದಕ್ಕೆ ಗೊತ್ತಾಗುವುದಿಲ್ಲ.

ಉಡುಪಿ ಮಠದಬೆಟ್ಟು:

ನಮ್ಮದು ಬೇರೆ ತರಹದ ಕಷ್ಟ. ಎರಡು ನಾಯಿಗಳಿದ್ದವು, ಒಟ್ಟಿಗೆ ಬೆಳೆದವು. ದೊಡ್ಡವಳು ಹೋದಳು. ಉಳಿದವನು ಅವಳು ಮಲಗುತ್ತಿದ್ದ ಗೋಣಿಚೀಲದ ಹತ್ತಿರ ಹೋಗಿ ಮೂಸಿ ಬರುತ್ತಾನೆ. ಊಟ ಅರ್ಧಕ್ಕೆ ಬಿಡುತ್ತಾನೆ. ಒಂದು ಮರಿ ತಂದರೆ ಸರಿ ಹೋದಾನು ಅನ್ನುತ್ತಿದ್ದಾರೆ ಎಲ್ಲರೂ. ನನಗೆ ಧೈರ್ಯ ಬರುತ್ತಿಲ್ಲ.

ಪಶುವೈದ್ಯೆ ಶಿವಮೊಗ್ಗ:

ನಿಮ್ಮ ದುಃಖ ಅರ್ಥವಾಗುತ್ತದೆ. ಅವನದೂ ನಿಜವಾದದ್ದೇ. ಇಟಲಿಯಲ್ಲಿ ಕನಿಷ್ಠ ಎರಡು ನಾಯಿ ಸಾಕಿ ಒಂದನ್ನು ಕಳೆದುಕೊಂಡ 426 ಜನರನ್ನು ಕೇಳಿ 2022ರಲ್ಲಿ ಒಂದು ಅಧ್ಯಯನ ಪ್ರಕಟವಾಯಿತು. ಉಳಿದ ನಾಯಿಯಲ್ಲಿ ಬದಲಾವಣೆ ಕಂಡೆವು ಅಂದವರು ಶೇ 86. ಮನೆಯವರನ್ನು ಹೆಚ್ಚು ಅಂಟಿಕೊಳ್ಳುವುದು, ಆಟ ಬಿಡುವುದು, ಮಂಕಾಗುವುದು, ಊಟ ಕಡಿಮೆ ಮಾಡುವುದು. ಮನೆಯವರು ಎಷ್ಟು ದುಃಖದಲ್ಲಿದ್ದಾರೆ ಎಂಬುದಕ್ಕೂ ನಾಯಿಯ ಸ್ಥಿತಿಗೂ ಸಂಬಂಧ ಕಂಡಿತು.

ಮರಿ ಈಗಲೇ ಬೇಡ. ಮುದಿ ನಾಯಿಯ ಬೆನ್ನು ಹತ್ತಿ ಕಿವಿ ಕಚ್ಚುವ ಮರಿ, ನೋವಿರುವವನಿಗೆ ಹಿಂಸೆಯಾಗುತ್ತದೆ. ಗೋಣಿಚೀಲ ತೊಳೆಯಬೇಡಿ, ಅಲ್ಲೇ ಇರಲಿ. ಊಟದ ಹೊತ್ತು ತಪ್ಪಿಸಬೇಡಿ, ಸ್ವಲ್ಪ ಬೆಚ್ಚಗೆ ಮಾಡಿ ಕೊಡಿ, ವಾಸನೆ ಚೆನ್ನಾಗಿ ಬರುತ್ತದೆ. ಒಂದು ದಿನ ಪೂರ್ತಿ ಊಟ ಬಿಟ್ಟರೆ ಡಾಕ್ಟರ್‌ಗೆ ತೋರಿಸಿ. ದುಃಖದ ಜೊತೆಗೇ ಕಾಯಿಲೆಯೂ ಇರಬಹುದು.

ದಾವಣಗೆರೆ ಪಿ.ಜೆ. ಬಡಾವಣೆ:

ದೀಪಾವಳಿ ಬಗ್ಗೆ ಯಾರೂ ಹೇಳಲಿಲ್ಲ. ನಮ್ಮವನು ಚಿಕ್ಕವನಿದ್ದಾಗ ಪಟಾಕಿಗೆ ಹೆದರುತ್ತಲೇ ಇರಲಿಲ್ಲ. ಈಗ ಗುಡುಗಿಗೂ ಕುಕ್ಕರ್ ಸೀಟಿಗೂ ನಡುಗುತ್ತಾನೆ. ಹಬ್ಬಕ್ಕೆ ಊರಿಗೆ ಹೋಗುವಾಗ ನಾಯಿಗಳನ್ನು ನೋಡಿಕೊಳ್ಳುವ ಬೋರ್ಡಿಂಗ್‌ನಲ್ಲಿ ಬಿಡೋಣ ಅಂತಿದ್ದೇವೆ.

ಪಶುವೈದ್ಯೆ ಶಿವಮೊಗ್ಗ:

ವಯಸ್ಸಾದ ಮೇಲೆ ಹೊಸದಾಗಿ ಸದ್ದಿನ ಭಯ ಶುರುವಾದರೆ ನಾನು ಮೊದಲು ನೋವು ಹುಡುಕುತ್ತೇನೆ. ಸದ್ದಿಗೆ ಬೆಚ್ಚಿ ಮೈ ಬಿಗಿಯಾದಾಗ ನೋಯುತ್ತದೆ, ಆಮೇಲೆ ಸದ್ದು ಅಂದರೇ ನೋವು ಎಂದಾಗುತ್ತದೆ. 2018ರಲ್ಲಿ 20 ನಾಯಿಗಳ ಸಣ್ಣ ಅಧ್ಯಯನವೊಂದು ಇದನ್ನೇ ಹೇಳಿತ್ತು. ನೋವಿದ್ದ ನಾಯಿಗಳಲ್ಲಿ ಸದ್ದಿನ ಭಯ ತಡವಾದ ವಯಸ್ಸಿನಲ್ಲಿ ಶುರುವಾಗಿತ್ತು.

ಬೋರ್ಡಿಂಗ್ ಬೇಡ. ಅರ್ಧ ಮರೆತಿರುವ ನಾಯಿಗೆ ನೆನಪಿರುವುದು ಅದರ ಮನೆಯೊಂದೇ. ಅದಕ್ಕೆ ಗುರುತಿರುವ ಒಬ್ಬರು ಮನೆಯಲ್ಲೇ ಬಂದು ಉಳಿಯಲಿ. ಪಟಾಕಿ ಹೊತ್ತಿಗೆ ಒಳಕೋಣೆ, ಕಿಟಕಿಗೆ ದಪ್ಪ ಹೊದಿಕೆ, ಫ್ಯಾನ್ ಸದ್ದು, ಪಕ್ಕದಲ್ಲಿ ಯಾರಾದರೂ. ಸಮಾಧಾನ ಮಾಡಿದರೆ ಭಯ ಹೆಚ್ಚುತ್ತದೆ ಎಂಬುದು ತಪ್ಪು ತಿಳಿವಳಿಕೆ, ಹತ್ತಿರ ಕೂರಿಸಿಕೊಳ್ಳಿ. ಗಾಬರಿಗೆ ಔಷಧಿ ಬೇಕೆನಿಸಿದರೆ ಹಬ್ಬಕ್ಕೆ ಮುಂಚೆಯೇ ಡಾಕ್ಟರ್ ಜೊತೆ ಮಾತಾಡಿ.

ಹೆಬ್ಬಾಳ ನಿವಾಸಿ:

ಕಿವಿ ಕೇಳದ ನಾಯಿ ಇರುವವರು ಒಂದು ಪಾಲಿಸಿ. ಮಲಗಿರುವಾಗ ಹಿಂದಿನಿಂದ ಮುಟ್ಟಬೇಡಿ. ನೆಲಕ್ಕೆ ಕಾಲಿನಿಂದ ಮೆಲ್ಲಗೆ ತಟ್ಟಿ, ಅದುರು ತಿಳಿಯುತ್ತದೆ. ಇಲ್ಲವೇ ಕೈಯನ್ನು ಮೂಗಿನ ಮುಂದೆ ಹಿಡಿದು, ಅದೇ ಮೂಸಿ ಎದ್ದ ಮೇಲೆ ಸವರಿ. ಬೆಚ್ಚಿಬಿದ್ದು ಕಚ್ಚಿದರೆ ಜನ ಅದಕ್ಕೆ ಸಿಟ್ಟು ಬಂದಿದೆ ಅನ್ನುತ್ತಾರೆ, ಪಾಪ. ಮನೆಯ ಮಕ್ಕಳಿಗೆ ಇದನ್ನು ಕಲಿಸಲೇಬೇಕು. ಬಾ, ಕೂತುಕೋ ಎಂಬುದಕ್ಕೆಲ್ಲ ಕೈಸನ್ನೆ ಕಲಿಸಬಹುದು. ಮುದಿ ನಾಯಿ ಹೊಸದನ್ನು ಕಲಿಯುತ್ತದೆ, ಖುಷಿಯಿಂದ ಕಲಿಯುತ್ತದೆ.

ತುಮಕೂರು ಒಬ್ಬ ಮಗಳು:

ಕೇಳಲು ಕಷ್ಟವಾಗುವುದನ್ನು ಕೇಳುತ್ತೇನೆ. ನಮ್ಮ ಚಿನ್ನು ಈಗ ನನ್ನನ್ನೂ ಗುರುತಿಸುವುದಿಲ್ಲ. ರಾತ್ರಿ ನಾನೂ ಅಮ್ಮನೂ ಸರದಿ ಮೇಲೆ ಎದ್ದಿರುತ್ತೇವೆ. ಎಲ್ಲಿಯವರೆಗೆ ಅಂತ ಹೇಗೆ ತಿಳಿಯುವುದು?

ಪಶುವೈದ್ಯೆ ಶಿವಮೊಗ್ಗ:

ಸರದಿ ಮಾಡಿಕೊಂಡಿದ್ದು ಒಳ್ಳೆಯದು, ಅದನ್ನು ಬಿಡಬೇಡಿ. ನಿದ್ದೆಗೆಟ್ಟು ನೀವು ಕುಸಿದರೆ ಅವಳನ್ನು ನೋಡುವವರು ಯಾರು?

ಅಮೆರಿಕದ ಪಶುವೈದ್ಯೆ ಆಲಿಸ್ ವಿಲ್ಲಾಲೋಬೋಸ್ ಅವರು 2004ರಲ್ಲಿ ಒಂದು ಅಳತೆಪಟ್ಟಿ ಕೊಟ್ಟಿದ್ದಾರೆ. ನೋವು ಹತೋಟಿಯಲ್ಲಿದೆಯಾ, ಊಟ, ನೀರು, ಮೈ ಸ್ವಚ್ಛತೆ, ಸಂತೋಷ, ಓಡಾಟ, ಕೆಟ್ಟ ದಿನಗಳಿಗಿಂತ ಒಳ್ಳೆಯ ದಿನಗಳು ಹೆಚ್ಚಿವೆಯಾ. ಏಳಕ್ಕೂ ಸೊನ್ನೆಯಿಂದ ಹತ್ತು ಅಂಕ. ಒಟ್ಟು 35ಕ್ಕಿಂತ ಹೆಚ್ಚಿದ್ದರೆ ಬದುಕು ಇನ್ನೂ ಸಹ್ಯವಾಗಿದೆ ಎಂದು ಅರ್ಥ. ಮನೆಯವರು ಬೇರೆ ಬೇರೆಯಾಗಿ ಅಂಕ ಹಾಕಿ, ಆಮೇಲೆ ಹೋಲಿಸಿ. ವಾರಕ್ಕೊಮ್ಮೆ ಮಾಡಿ. ಕ್ಯಾಲೆಂಡರ್‌ನಲ್ಲಿ ದಿನಕ್ಕೊಂದು ಗುರುತು ಹಾಕಿದರೂ ಸಾಕು, ಒಳ್ಳೆಯ ದಿನ, ಕೆಟ್ಟ ದಿನ ಅಂತ.

ರಾತ್ರಿ ಏನು ಮಾಡುತ್ತಾಳೆ ಎಂಬುದನ್ನು ಮೊಬೈಲ್‌ನಲ್ಲಿ ವಿಡಿಯೋ ಮಾಡಿ. ಮಲಗುವಾಗ, ಏಳುವಾಗ, ನಡೆಯುವಾಗ. ಕ್ಲಿನಿಕ್‌ನಲ್ಲಿ ಗಾಬರಿಗೆ ನಾಯಿಗಳು ಚುರುಕಾಗಿ ನಿಂತುಬಿಡುತ್ತವೆ, ನಮಗೆ ಏನೂ ಕಾಣುವುದಿಲ್ಲ. ವಿಡಿಯೋ ಮತ್ತು ಆ ಪಟ್ಟಿ ಎರಡನ್ನೂ ತೆಗೆದುಕೊಂಡು ಅವಳನ್ನು ನೋಡುತ್ತಿರುವ ಡಾಕ್ಟರ್ ಹತ್ತಿರ ಹೋಗಿ. ನೋವು, ನಿದ್ದೆ, ಗಾಬರಿ ಮೂರಕ್ಕೂ ಇನ್ನೇನು ಮಾಡಲು ಉಳಿದಿದೆ ಎಂದು ನೇರವಾಗಿ ಕೇಳಿ. ಮಾಡಲು ಏನಾದರೂ ಉಳಿದಿದ್ದರೆ ಮೊದಲು ಅದನ್ನು ಮಾಡಿಸಿ. ಏನೂ ಉಳಿದಿಲ್ಲ, ಅವಳಿಗೆ ಹಿಂಸೆಯೇ ಹೆಚ್ಚಿದೆ ಎಂದಾದರೆ, ಮುಂದಿನ ಮಾತನ್ನೂ ಅವರ ಹತ್ತಿರವೇ ಆಡಿ, ಅಮ್ಮನನ್ನೂ ಜೊತೆಗೆ ಕರೆದುಕೊಂಡು ಹೋಗಿ.